ಅರೆಬೆಂದ ಕಲ್ಲು

ಗ್ರಾನೈಟ್ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಚಂದ್ರಮತಿಗೆ ಮೈಯುರಿಯುತ್ತಿತ್ತು. ಅಡಿಗೆಕಟ್ಟೆಗೆ ಹಾಸುವ ಕಪ್ಪು ಕಲ್ಲು ಗ್ರಾನೈಟ್, ಬ್ಯಾಂಕಿನ ಮೆಟ್ಟಿಲಿನ ಬೂದು ಕಲ್ಲು ಗ್ರಾನೈಟ್, ಸತ್ತವರ ಹೆಸರು ಕೊರೆಯುವ ಕಲ್ಲೂ ಗ್ರಾನೈಟ್. ಹೊಳೆಯುವಂತೆ ಉಜ್ಜಿದ್ದೆಲ್ಲ ಈ ಚೆನ್ನೈಯಲ್ಲಿ ಗ್ರಾನೈಟೇ. ಕಾಲೇಜಿನಲ್ಲಿ ಅರ್ಧ ಆಯುಷ್ಯ ಭೂವಿಜ್ಞಾನ ಕಲಿಸಿ, ಅದರಲ್ಲೂ ರೂಪಾಂತರ ಶಿಲೆಗಳ ಪಾಠವನ್ನೇ ಹೆಚ್ಚಾಗಿ ಮಾಡಿ, ಕೊನೆಗೆ ಸ್ವಂತ ಅಣ್ಣನ ಬಾಯಿಂದ "ಎಲ್ಲ ಕಲ್ಲೇ ಅಲ್ದಾ ಮಾರಾಯ್ತಿ" ಎಂದು ಕೇಳಬೇಕಾಗಿ ಬಂದರೆ ಯಾರಿಗೆ ತಾನೆ ಪಿತ್ತ ನೆತ್ತಿಗೇರುವುದಿಲ್ಲ?

ಅಣ್ಣ ವಿಷ್ಣುಮೂರ್ತಿ ಪೆರಂಬೂರಿನ ಹಾಲಾಡಿ ಭವನದ ಯಜಮಾನ. ಕುಂದಾಪುರದ ಕಡೆಯಿಂದ ಬಂದ ಅಪ್ಪ ಹಾಕಿದ ಹೋಟೆಲು ಅದು. ರೈಲ್ವೆ ವರ್ಕ್‌ಶಾಪಿನವರು, ಕೋಚ್ ಫ್ಯಾಕ್ಟರಿಯವರು ಬೆಳಗಿನ ಇಡ್ಲಿಗೆ ಅಲ್ಲಿಗೇ ಬರುತ್ತಿದ್ದರು. ಕೆಳಗೆ ಹೋಟೆಲು, ಮೇಲೆ ಮನೆ. ಮದುವೆಯ ಗೋಜಿಗೆ ಹೋಗದ ಚಂದ್ರಮತಿಗೆ ಮೇಲಿನ ಮನೆಯ ಹಿಂಬದಿಯ ಎರಡು ಕೋಣೆಗಳು. ಅಲ್ಲಿ ಕಿಟಕಿಯ ಮೇಲೆ, ಮಂಚದ ಕೆಳಗೆ, ಬಟ್ಟೆಯ ಕಪಾಟಿನೊಳಗೆ ಎಲ್ಲೆಲ್ಲೂ ಕಲ್ಲು. ಮನೆಯವರು ಅವಳ ಬೆನ್ನ ಹಿಂದೆ "ಕಲ್ಲು ಟೀಚರ್" ಎಂದು ನಗುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು, ಅದಕ್ಕೂ ಅವಳಿಗೆ ಸಿಟ್ಟಿತ್ತು.

ಆ ಭಾನುವಾರ ಬೆಳಿಗ್ಗೆ ಅವಳು ಸೇಲಂ ಕಡೆಯ ರೈಲಿನಿಂದ ಪೆರಂಬೂರಿನಲ್ಲಿ ಇಳಿದಳು. ವಿದ್ಯಾರ್ಥಿಗಳಿಗೆ ಬೆಟ್ಟಗುಡ್ಡ ಸುತ್ತಿಸಿ, ಅಲ್ಲೇ ಇನ್ನೊಂದು ಕಾಲೇಜಿನ ಪ್ರಾಕ್ಟಿಕಲ್ ಪರೀಕ್ಷೆಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ತಿಂಗಳು ಕಳೆದಿತ್ತು. ಹೆಗಲ ಚೀಲದಲ್ಲಿ ಸುತ್ತಿಗೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಭೂತಗನ್ನಡಿ, ಕಾಲಲ್ಲಿ ಕೆಂಪು ಮಣ್ಣು ಮೆತ್ತಿದ ಬೂಟು. ಮೊದಲು ವೆಂಕಟೇಶ ಭಟ್ಟರ ಕೈಯ ಇಡ್ಲಿ, ಒಂದು ಲೋಟ ಕಾಫಿ, ಆಮೇಲೆ ಮಹಡಿ ಎಂದು ಯೋಚಿಸುತ್ತ ಬಂದಳು.

ಹೋಟೆಲಿನ ಬಾಗಿಲಲ್ಲೇ ಹೆಜ್ಜೆ ನಿಂತಿತು. ಅಪ್ಪನ ಕಾಲದ ಗ್ರೈಂಡರಿನ ಒರಳು, ಅದರ ಗುಂಡುಕಲ್ಲು ಎರಡೂ ಹೊರಗೆ ಬಂದು ಕುಳಿತಿದ್ದವು. ಒರಳಿಗೆ ಮಣ್ಣು ತುಂಬಿಸಿ ಮನಿಪ್ಲಾಂಟು ನೆಟ್ಟಿದ್ದರು. ಸುತ್ತ ಮಿಣಿಮಿಣಿ ದೀಪದ ಸರ. ಪಕ್ಕದಲ್ಲಿ ಬೋರ್ಡು: ನಮ್ಮಲ್ಲಿ ಹಿಟ್ಟನ್ನು ಸಾಂಪ್ರದಾಯಿಕ ಕಲ್ಲಿನಲ್ಲೇ ಅರೆಯಲಾಗುತ್ತದೆ. ಇಬ್ಬರು ಹುಡುಗಿಯರು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅಪ್ಪ ಪಲ್ಲಾವರದ ಕಲ್ಲುಕುಟಿಗರ ಹತ್ತಿರ ಹೇಳಿ ಮಾಡಿಸಿದ್ದ ಕಲ್ಲು. ಅದನ್ನು ಹೂಕುಂಡ ಮಾಡಿಟ್ಟದ್ದು ಅಣ್ಣನ ಮಗ ಸುಕೇಶನ ಬುದ್ಧಿಯೇ ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಕಲ್ಲು ಇಲ್ಲಿದ್ದರೆ ಒಳಗೆ ಹಿಟ್ಟು ಅರೆಯುತ್ತಿರುವುದು ಯಾವುದರಲ್ಲಿ ಎಂದುಕೊಳ್ಳುತ್ತ ಒಳಗೆ ಕಾಲಿಟ್ಟಳು.

ಒಳಗೆ ಕಂಡದ್ದು ಅದಕ್ಕಿಂತ ಕೆಟ್ಟದಾಗಿತ್ತು. ಕೈ ತೊಳೆಯುವ ನಲ್ಲಿಯ ಪಕ್ಕ, ಬಂದವರಿಗೆಲ್ಲ ಕಾಣುವ ಹಾಗೆ, ಒಂದು ಸ್ಟೂಲಿನ ಮೇಲೆ ವೆಂಕಟೇಶ ಭಟ್ಟರು ಕುಳಿತಿದ್ದರು. ತೊಡೆಯ ಮೇಲೆ ಮೊರ, ಮೊರದ ತುಂಬ ಉದ್ದಿನಬೇಳೆ. ಅವಳು ಲಂಗ ಹಾಕುತ್ತಿದ್ದ ಕಾಲದಿಂದ ಆ ಅಡಿಗೆಮನೆ ಆಳಿದವರು, ಅವರು ಸಾಂಬಾರಿನ ವಾಸನೆಯಲ್ಲೇ ಉಪ್ಪು ಹೇಳುತ್ತಾರೆಂದು ಹುಡುಗರು ಹೆದರುತ್ತಿದ್ದ ಮನುಷ್ಯ, ಈಗ ತಲೆ ತಗ್ಗಿಸಿ ಮೂಗು ಬೇಳೆಗೆ ತಾಗುವಷ್ಟು ಬಗ್ಗಿ ಒಂದೊಂದೇ ಕಾಳು ಸರಿಸುತ್ತಿದ್ದರು. ಅವರ ತಲೆಯ ಮೇಲೆ ಗೋಡೆಗೆ ತಮಿಳಿನಲ್ಲಿ ಬರೆದ ಕಾಗದ ಅಂಟಿಸಿತ್ತು: ಬೇಳೆಯನ್ನು ನಿಮ್ಮ ಕಣ್ಣೆದುರೇ ಆರಿಸಲಾಗುತ್ತದೆ.

"ಇದೆಂತ ವೆಂಕಟೇಶಣ್ಣ? ನೀವು ಇಲ್ಲೆಂತ ಮಾಡ್ತ್ರಿ?"

ಭಟ್ಟರು ತಲೆ ಎತ್ತಿದರು. ಅವಳನ್ನು ನೋಡಿ ನಗಲು ಹೋದರು, ಆಗಲಿಲ್ಲ.

"ಬನಿ ಚಂದ್ರಮ್ಮ. ಈಗ ಬಂದ್ರ್ಯಾ? ಎಂತ ಇಲ್ಲೆ. ನನ್ನ ಕಣ್ಣು ಹೋಯ್ತು, ಅಷ್ಟೇ."

"ಕಣ್ಣಿಗೆ ಎಂತ ಆಯ್ತು?"

"ಇಡ್ಲಿಯಲ್ಲಿ ಕಲ್ಲು ಬಂತು. ಒಂದಲ್ಲ, ಸುಮಾರು ಸಲ. ರಿಟೈರ್ಡ್ ಗಾರ್ಡು ಒಬ್ರ ಹಲ್ಲೇ ಮುರಿದು ಹೋಯ್ತು. ಬೇಳೆ ಆರಿಸುವಾಗ ನಂಗೆ ಕಲ್ಲು ಕಾಂತಿಲ್ಲೆ. ಕಣ್ಣಿನ ಡಾಕ್ಟ್ರು ಎಂತ ಇಲ್ಲೆ, ಪ್ರಾಯಕ್ಕೆ ತಕ್ಕಷ್ಟು ಇತ್ತು ಅಂದ್ರು. ಅವ್ರಿಗೆ ಎಂತ ಗೊತ್ತು? ಬೆಳಿಗ್ಗೆ ಎದ್ದ ಕೂಡ್ಲೆ ಮೇಲೆ ಫ್ಯಾನಿನ ರೆಕ್ಕೆ ಕಾಂತಾ ಇಲ್ವಾ ಅಂತ ನೋಡ್ತೆ. ಇಲ್ಲಿ ಕೂತು ಇಷ್ಟು ಆರಿಸಿ ಕೊಟ್ರೂ ನಿನ್ನೆ ಮತ್ತೆ ಕಲ್ಲು ಬಂತು. ಇನ್ನು ಮನೆಗೆ ಹೋಯ್ಕ್, ಅಷ್ಟೇ."

ಭಟ್ಟರು ಅದನ್ನು ಹೇಳಿದ ರೀತಿಯಲ್ಲಿ ದೂರೇ ಇರಲಿಲ್ಲ. ತಪ್ಪು ತನ್ನದೇ ಎಂದು ಅವರು ಪೂರ್ತಿ ನಂಬಿದ್ದರು. ಚಂದ್ರಮತಿಗೆ ಎಲ್ಲಕ್ಕಿಂತ ಮೊದಲು ಕೆಟ್ಟದೆನಿಸಿದ್ದು ಅದೇ. ಹಲ್ಲು ಮುರಿದದ್ದಕ್ಕೆ ಬೈಯಿರಿ, ಒಪ್ಪುತ್ತೇನೆ. ಆದರೆ ಅರವತ್ತು ದಾಟಿದ ಮನುಷ್ಯನನ್ನು ಬೀದಿಯವರ ಮುಂದೆ ಬೊಂಬೆಯ ಹಾಗೆ ಕೂರಿಸುವುದು ಎಂಥ ನ್ಯಾಯ? ಅವಳು ಚೀಲವನ್ನೂ ಇಳಿಸದೆ ಗಲ್ಲಾದ ಕಡೆ ನಡೆದಳು.

ವಿಷ್ಣುಮೂರ್ತಿ ಗಲ್ಲಾದ ಕುರ್ಚಿಯಲ್ಲಿ ಬೆಳಗಿನ ವಿಭೂತಿ, ಗಂಧ ಎಲ್ಲ ಇಟ್ಟುಕೊಂಡು ಕುಳಿತಿದ್ದ. ಅವನೆದುರು, ಸೋಂಪಿನ ಬಟ್ಟಲಿನ ಪಕ್ಕದಲ್ಲಿ, ಒಂದು ಸ್ಟೀಲು ತಟ್ಟೆ. ತಟ್ಟೆಯಲ್ಲಿ ಒಂದಿಷ್ಟು ಹರಳು.

"ಇದು ಎಂತದು ಅಣ್ಣ?"

"ನಿಮ್ಮ ಭಟ್ರ ಪರಾಕ್ರಮ. ಇಡ್ಲಿಯಿಂದ ಹೆಕ್ಕಿದ್ದು. ಕೆಲಸದವರೆಲ್ಲ ದಿನಾ ನೋಡ್ಲಿ ಅಂತ ಇಟ್ಟಿದ್ದೆ. ಇಲ್ಲದಿದ್ರೆ ಇವ್ರಿಗೆ ಬುದ್ಧಿ ಬತ್ತಿಲ್ಲೆ."

"ಅವ್ರನ್ನ ಊಟದ ಹಾಲಿನಲ್ಲಿ ಕೂರ್ಸಿದ್ದು?"

"ಗಿರಾಕಿಗೆ ನಂಬಿಕೆ ಬರ್ಕಲ್ದಾ. ಸುಕೇಶನ ಐಡಿಯಾ, ಚೆನ್ನಾಗಿ ವರ್ಕ್ ಆತಾ ಇತ್ತು. ಬರುವ ವಾರ ಭಟ್ರನ್ನ ಊರಿಗೆ ಕಳಿಸ್ತೆ. ನಮ್ಮ ಹೋಟೆಲಿನವರ ಗ್ರೂಪಿನಲ್ಲೂ ಹೇಳಿ ಆಯ್ತು, ಇವ್ರ ಕಣ್ಣು ಹೋಯ್ತು, ಯಾರೂ ತಕೊಳ್ಬೇಡಿ ಅಂತ. ನಮ್ಮವರಿಗೆ ನಾವು ಹೇಳದೆ ಯಾರು ಹೇಳ್ತ್ರು?"

ಗ್ರೂಪು ಎಂದರೆ ವಾಟ್ಸಾಪಿನ ಗುಂಪು. ಚೆನ್ನೈಯಲ್ಲಿ ಹೋಟೆಲು ಇಟ್ಟಿದ್ದ ಕುಂದಾಪುರ, ಉಡುಪಿ ಕಡೆಯವರೆಲ್ಲ ಅದರಲ್ಲಿದ್ದರು. ಅಲ್ಲಿ ಒಬ್ಬ ಅಡಿಗೆಯವನ ಬಗ್ಗೆ ಹೀಗೆ ಮಾತು ಬಿದ್ದರೆ ಅವನಿಗೆ ಈ ಊರಿನಲ್ಲಿ ಇನ್ನೊಂದು ಒಲೆ ಸಿಕ್ಕುವುದಿಲ್ಲ. ಭಟ್ಟರು ಗುಟ್ಟಿನಲ್ಲಿ ಎಣ್ಣೂರಿನ ಒಂದು ಕ್ಯಾಂಟೀನಿನಲ್ಲಿ ಕೆಲಸ ಕೇಳಿ, ಅದನ್ನು ನಡೆಸುವ ಊರಿನವರು ಬೇಡವೆಂದು ಕಳಿಸಿದ ಸಂಗತಿಯನ್ನೂ ವಿಷ್ಣುಮೂರ್ತಿ ನಗುತ್ತಲೇ ಹೇಳಿದ. ಈ ಅಣ್ಣನ ಕೆನ್ನೆಗೆ ಒಂದು ಬಿಟ್ಟರೆ ಹೇಗೆ ಎಂದು ಚಂದ್ರಮತಿಗೆ ಅನ್ನಿಸಿತು. ಆದರೆ ಕಲ್ಲು ಕಣ್ಣೆದುರಿಗೆ ಇರುವಾಗ ಅವಳಿಗೆ ಬೇರೆ ಯಾವುದೂ ಮಾಡಲಿಕ್ಕೆ ಬರುತ್ತಿರಲಿಲ್ಲ. ಕೊರಳಿನ ಭೂತಗನ್ನಡಿ ಬಿಚ್ಚಿ, ತಟ್ಟೆಯನ್ನು ಕಣ್ಣಿನ ಹತ್ತಿರ ತಂದಳು.

ನೋಡಿದಳು. ಇನ್ನೊಮ್ಮೆ ಬೆಳಕಿಗೆ ತಿರುಗಿಸಿ ನೋಡಿದಳು.

ಬೇಳೆಯ ಜೊತೆ ಬರುವ ಕಲ್ಲು ಹೊಲದ ಕಲ್ಲು. ಎಷ್ಟೋ ಮಳೆ ಬಿಸಿಲು ತಿಂದು ಅದರ ಮೂಲೆಗಳು ಸವೆದಿರುತ್ತವೆ, ಮೈಗೆ ಮಣ್ಣಿನ ಬಣ್ಣ ಹತ್ತಿರುತ್ತದೆ. ತಟ್ಟೆಯಲ್ಲಿದ್ದ ಹರಳುಗಳ ಅಂಚು ಈಗಷ್ಟೇ ಒಡೆದ ಗಾಜಿನ ಹಾಗೆ ಚೂಪಾಗಿತ್ತು. ಬಿಳಿಯ ಬೆಣಚುಕಲ್ಲಿನ ಚೂರುಗಳಿಗೆ ಕರಿಯ ಅಭ್ರಕದ ಹಾಳೆಗಳು, ಹಳ್ಳಿಯವರು ಕಾಗೆಬಂಗಾರ ಎನ್ನುತ್ತಾರಲ್ಲ ಅದು, ಇನ್ನೂ ಅಂಟಿಕೊಂಡಿದ್ದವು. ಒಂದು ಚೂರಿನಲ್ಲಿ ಸಾಸಿವೆಗಿಂತ ಚಿಕ್ಕ ಗುಲಾಬಿ ಬಣ್ಣದ ಗಾರ್ನೆಟ್ಟು ಕೂಡ ಇತ್ತು. ಭೂಮಿಯೊಳಗೆ ಆಳದಲ್ಲಿ, ಕಾವಿಗೂ ಒತ್ತಡಕ್ಕೂ ಸಿಕ್ಕಿ ಬೇರೆಯಾದ ಕಲ್ಲಿನಲ್ಲಿ ಹುಟ್ಟುವ ಹರಳು ಅದು. ಇವು ಮೂರೂ ಒಂದಕ್ಕೊಂದು ಕಚ್ಚಿಕೊಂಡು ಉದ್ದಿನ ಹೊಲದಿಂದ ಬರುವುದಿಲ್ಲ. ಯಾವುದೋ ದೊಡ್ಡ ಕಲ್ಲಿನ ಮೈಯಿಂದ ನೇರವಾಗಿ ಎದ್ದು ಬಂದಿವೆ.

"ಅಣ್ಣ, ಒಳಗೆ ಗ್ರೈಂಡರಿಗೆ ಯಾವ ಕಲ್ಲು ಹಾಕ್ಸಿದ್ದೆ?"

"ಹೊಸದು. ಸುಕೇಶ ತಂದ. ಗ್ರಾನೈಟು."

ಆ ಶಬ್ದ ಕೇಳಿದ ಮೇಲೆ ಅವಳನ್ನು ಹಿಡಿಯುವವರು ಯಾರೂ ಇರಲಿಲ್ಲ. ಹಾಲಾಡಿ ಭವನದ ಅಡಿಗೆಮನೆಗೆ ಯಜಮಾನರ ಮನೆಯ ಹೆಂಗಸರು ಕಾಲಿಡುವ ಪದ್ಧತಿ ಅಪ್ಪನ ಕಾಲದಿಂದ ಇರಲಿಲ್ಲ. ಅಮ್ಮ ಬದುಕಿದ್ದಷ್ಟು ದಿನ ಆ ಹೊಸ್ತಿಲು ದಾಟಿದವಳಲ್ಲ. ಚಂದ್ರಮತಿ ಬೂಟುಗಾಲಲ್ಲೇ ದಾಟಿದಳು. ಸಾಂಬಾರಿನ ಕೊಪ್ಪರಿಗೆಯ ಹಿಂದೆ ನಿಂತಿದ್ದ ಹುಡುಗರು ಬಾಯಿ ತೆರೆದು ನೋಡಿದರು. ಪೂರಿ ಕರಿಯುತ್ತಿದ್ದವನು ಜಾಲರಿ ಎತ್ತುವುದನ್ನು ಮರೆತ.

"ಎಲ್ಲಿಗೆ ಹೋಪುದು ಮಾರಾಯ್ತಿ? ಅಲ್ಲಿ ಗಂಡಸರು ಕೆಲಸ ಮಾಡ್ತಾ ಇದ್ರು," ಎನ್ನುತ್ತ ವಿಷ್ಣುಮೂರ್ತಿ ಹಿಂದೆಯೇ ಬಂದ.

"ಅದೇ ಕಾಂಬುಕೆ ಹೊರಟದ್ದು, ಎಂಥ ಕೆಲಸ ಮಾಡಿದ್ರು ಅಂತ."

ಗ್ರೈಂಡರು ಮೂಲೆಯಲ್ಲಿ ನಿಂತಿತ್ತು, ಸಂಜೆಯ ಹಿಟ್ಟಿಗೆ ಇನ್ನೂ ಶುರುಮಾಡಿರಲಿಲ್ಲ. ಸುಕೇಶ ಅದರ ಪಕ್ಕದಲ್ಲೇ ಮೊಬೈಲು ಹಿಡಿದು ನಿಂತಿದ್ದ. ಇಪ್ಪತ್ತಾರು ವರ್ಷದ ಹುಡುಗ, ಹೋಟೆಲಿನ ಚಹರೆ ಬದಲಿಸಿಯೇ ತೀರುತ್ತೇನೆ ಎಂದು ಹೊರಟವನು. ಮನೆಯವರ ಕನ್ನಡ ಅವನಿಗೆ ಚೆನ್ನಾಗಿ ತಿಳಿಯುತ್ತಿತ್ತು, ಉತ್ತರ ಮಾತ್ರ ತಮಿಳು ಬೆರೆತೇ ಬರುತ್ತಿತ್ತು.

"ಅತ್ತೆ, ಅದು ಪ್ಯೂರ್ ಬ್ಲಾಕ್ ಗ್ರಾನೈಟ್. ಲೈಫ್‌ಟೈಮ್ ಗ್ಯಾರಂಟಿ ಇರುಕ್ಕು. ಹಳೇ ಕಲ್ಲು ಸವೆದು ಹೋಗಿತ್ತು, ಆಮೇಲೆ ಅದರ ಲುಕ್ಕು..."

"ನಿನ್ನ ಲುಕ್ಕಿಗೆ ಬೆಂಕಿ ಬೀಳ್ಲಿ. ಆಚೆ ಸರಿ."

ಅವಳು ಗುಂಡುಕಲ್ಲಿನ ಮೇಲೆ ಅಂಗೈ ಆಡಿಸಿದಳು. ಮೇಲಿನ ಭಾಗ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಒರಳಿಗೆ ತಾಗಿ ಸವೆದ ಕೆಳಭಾಗದಲ್ಲಿ ಆ ಕಪ್ಪು ಹೋಗಿ, ಬಿಳಿಯ ಪಟ್ಟಿ, ಕರಿಯ ಪಟ್ಟಿ, ಮತ್ತೆ ಬಿಳಿಯ ಪಟ್ಟಿ ಎದ್ದು ಕಾಣುತ್ತಿತ್ತು. ಬಟ್ಟೆಯಿಂದ ತಿಕ್ಕಿದರೆ ಕಪ್ಪು ಬಟ್ಟೆಗೆ ಹತ್ತಿತು. ತರಕಾರಿ ಹೆಚ್ಚುವ ಚಾಕು ತೆಗೆದು ಕರಿಯ ಪಟ್ಟಿಯನ್ನು ಕೆರೆದಳು. ಮಿಣುಕು ಮಿಣುಕು ಹಾಳೆಗಳು ಉದುರಿ ಅವಳ ಅಂಗೈಗೆ ಬಿದ್ದವು. ಅದನ್ನು ಅಣ್ಣನ ಮೂಗಿನ ಕೆಳಗೆ ಹಿಡಿದಳು.

"ಕಾಣ್. ಸರಿಯಾಗಿ ಕಾಣ್. ನಿನ್ನ ಕಣ್ಣು ಚೆನ್ನಾಗಿ ಇತ್ತಲ್ದಾ?"

"ಕಾಂತಾ ಇತ್ತು. ಹಾಂಗಾರೆ ಎಂತ?" ವಿಷ್ಣುಮೂರ್ತಿಯ ಸ್ವರ ಸ್ವಲ್ಪ ಇಳಿದಿತ್ತು. "ಹೊಸ ಕಲ್ಲಿನಲ್ಲಿ ಮೊದ್ಲು ಸ್ವಲ್ಪ ಪುಡಿ ಬಪ್ಪುದೇ. ತಂದ ದಿನ ತೌಡು ಹಾಕಿ ಅರೆದು ಚೆಲ್ಲಿದ್ದೆವು. ಉಳಿಯಲ್ಲಿ ಕುಟ್ಟಿಸಿ ಒರಟು ಮಾಡ್ಸಿದಾಗ್ಳೂ ಹಾಗೇ ಮಾಡಿದ್ದೆವು. ಪದ್ಧತಿ ಬಿಡ್ಲಿಲ್ಲೆ."

"ಪದ್ಧತಿ ಒಳ್ಳೆ ಕಲ್ಲಿಗೆ. ಇದು ತೌಡು ಹಾಕಿದ್ರೆ ಸರಿ ಆಗುವ ಕಲ್ಲಲ್ಲ. ಇದು ಗ್ರಾನೈಟೂ ಅಲ್ಲ."

"ಎಲ್ಲ ಕಲ್ಲೇ ಅಲ್ದಾ..."

ಅವಳು ಅವನ ಮಾತು ಮುಗಿಯಲು ಬಿಡಲಿಲ್ಲ. ಕ್ಲಾಸಿನಲ್ಲಿ ಇದೇ ಪಾಠವನ್ನು ಅವಳು ನಿಧಾನವಾಗಿ, ಬಣ್ಣದ ಚಿತ್ರ ತೋರಿಸಿ ಮಾಡುತ್ತಿದ್ದಳು. ಇಲ್ಲಿ ಅದು ಬೈಗುಳದ ಓಟದಲ್ಲೇ ಹೊರಬಿತ್ತು.

"ಕೇಳ್. ಗ್ರಾನೈಟು ಅಂದ್ರೆ ಕರಗಿ ನೀರಾಗಿದ್ದದ್ದು ಆರಿ ಗಟ್ಟಿಯಾದ ಕಲ್ಲು. ಬೆಲ್ಲದ ಪಾಕ ಆರಿದ ಹಾಂಗೆ. ಇದು ಕರಗಲೇ ಇಲ್ಲೆ. ಇದು ಬೆಂದದ್ದು. ಹಿಟ್ಟು ಇಡ್ಲಿ ಆಗುವಾಗ ಕರಗ್ತಾ? ಇಲ್ಲೆ. ಹಾಂಗಂತ ಹಿಟ್ಟಾಗಿಯೇ ಉಳೀತಾ? ಅದೂ ಇಲ್ಲೆ. ಮೊದ್ಲು ಇದ್ದದ್ದು ಕೆಸರೋ ಮರಳೋ ಗ್ರಾನೈಟೋ, ಯಾವುದೋ ಒಂದು ಕಲ್ಲು. ಭೂಮಿಯೊಳಗೆ ಆಳಕ್ಕೆ ಹೋಯ್ತು. ಕೆಳಗಿಂದ ಕಾವು, ಮೇಲಿಂದ ಒತ್ತು. ಗಟ್ಟಿಯಾಗಿ ಇದ್ದ ಹಾಂಗೇ ಒಳಗಿನ ಹರಳೆಲ್ಲ ಬೇರೆ ಆಯ್ತು. ಅದಕ್ಕೇ ರೂಪಾಂತರ ಶಿಲೆ ಅಂಬುದು."

"ಸರಿ, ಬೆಂದದ್ದೇ ಆದ್ರೆ ಗಟ್ಟಿ ಇರ್ಕಲ್ದಾ?" ಎಂದ ವಿಷ್ಣುಮೂರ್ತಿ.

"ಎಷ್ಟು ಬೆಂದಿದೆ ಅಂಬುದೇ ಮುಖ್ಯ. ಹದ ನೋಡಿಯೇ ನಾವು ಜಾತಿ ಹೇಳೂದು. ಸ್ವಲ್ಪ ಬೆಂದ್ರೆ ನೀನು ಶಾಲೆಯಲ್ಲಿ ಬರೆದ ಸ್ಲೇಟು. ಇನ್ನೂ ಬೆಂದ್ರೆ ಅಭ್ರಕ ದೊಡ್ಡದಾಗಿ ಚಿರೋಟಿ ಹಾಂಗೆ ಪದರು ಪದರು ಏಳುವ ಶಿಸ್ಟು. ಅದಕ್ಕೂ ಮೇಲೆ ಹೋದ್ರೆ ಹೀಂಗೆ ಕಪ್ಪು ಬಿಳಿ ಪಟ್ಟಿ ಬಪ್ಪುದು, ನೈಸ್ ಅಂತ ಹೆಸರು. ಎಲ್ಲದರಲ್ಲೂ ಪದರು ಇರೂದಿಲ್ಲ. ದೇವರ ಕೋಣೆಗೆ ಹಾಕ್ಸಿದ ಅಮೃತಶಿಲೆಯೂ ಹೀಂಗೆ ಬೆಂದದ್ದೇ, ಅದಕ್ಕೆ ಪದರಿಲ್ಲೆ. ಹೊರಗೆ ಹೂಕುಂಡ ಮಾಡಿ ಇಟ್ಟಿದ್ರಲ್ಲ, ಅಪ್ಪನ ಕಲ್ಲು, ಪಲ್ಲಾವರದ ಗುಡ್ಡದ್ದು, ಚಾರ್ನೊಕೈಟು. ಅದು ಎಲ್ಲಕ್ಕಿಂತ ಹೆಚ್ಚು ಕಾವು ತಿಂದದ್ದು. ಆ ಕಾವಿಗೆ ಅಭ್ರಕದ ಒಳಗಿನ ನೀರು ಹಾರಿ ಹೋಗಿ, ಅಭ್ರಕವೇ ಇಲ್ಲದೆ ಬೇರೆ ಹರಳಾಯ್ತು. ಪದರು ಎಬ್ಬಿಸುವ ಹಾಳೆಯೇ ಇಲ್ಲದ ಮೇಲೆ ಏಳುವುದೆಂತ? ಅರುವತ್ತು ವರ್ಷ ಅರೆದ್ರೂ ಒಂದು ಹರಳು ಹಿಟ್ಟಿಗೆ ಬೀಳ್ಲಿಲ್ಲೆ. ನಿನ್ನ ಮಗ ಅದನ್ನ ಹೊರಗಿಟ್ಟು ಈ ಅರೆಬೆಂದ ಕಲ್ಲಿಗೆ ಕರಿ ಬಣ್ಣ ಬಳಿದದ್ದನ್ನ ಪೂಜೆ ಮಾಡಿ ಒಳಗೆ ತಂದ."

"ಅತ್ತೆ, ವಿಡುಂಗ," ಬಿಟ್ಟುಬಿಡಿ ಎಂದ ಸುಕೇಶ, ಮೊಬೈಲಿನಿಂದ ಕಣ್ಣೆತ್ತದೆ. "ಥಿಯರಿ ಎಲ್ಲ ಕಾಲೇಜಿಗೆ ಸರಿ. ಸಪ್ಲೈಯರ್ ಹತ್ತು ಹೋಟೆಲಿಗೆ ಕೊಟ್ಟಿದ್ದಾನೆ."

ಚಂದ್ರಮತಿ ಚೀಲದಿಂದ ಸುತ್ತಿಗೆ ತೆಗೆದಳು. ಇಬ್ಬರು ಹುಡುಗರಿಗೆ ಹೇಳಿ ಗುಂಡುಕಲ್ಲನ್ನು ಒರಳಿನಿಂದ ಎತ್ತಿಸಿ ಗೋಣಿಯ ಮೇಲೆ ಮಲಗಿಸಿದಳು. ಕರಿಯ ಪಟ್ಟಿ ಯಾವ ಕಡೆಗೆ ಓಡಿದೆ ಎಂದು ಬೆರಳಿನಿಂದ ಗುರುತು ಮಾಡಿಕೊಂಡು, ಅದರ ಉದ್ದಕ್ಕೆ ಸುತ್ತಿಗೆಯ ಚಪ್ಪಟೆ ತುದಿ ಇಟ್ಟು, ಪಕ್ಕದಲ್ಲಿದ್ದ ಕಬ್ಬಿಣದ ಹಾರೆಯ ಬುಡದಿಂದ ಅದರ ಮೇಲೆ ಬಿಟ್ಟಳು. ಒಂದು ಸಲ ಬಿಟ್ಟಳು. ಇನ್ನೊಂದು ಸಲ ಬಿಟ್ಟಳು. ತಿಂಗಳಿನ ದಣಿವು, ಮೊರದ ಮೇಲೆ ಬಗ್ಗಿದ ಆ ಬೋಳು ತಲೆ, ಗೋಡೆಯ ಕಾಗದ ಎಲ್ಲ ಸೇರಿ ಕೈಗೆ ಬಂದಿತ್ತು. ಮೂರನೆಯ ಏಟಿಗೆ ಗುಂಡುಕಲ್ಲಿನ ಒಂದು ಬದಿ ಹಲಗೆಯಂತೆ ಸೀಳಿ ಗೋಣಿಯ ಮೇಲೆ ಬಿತ್ತು. ಸೀಳಿದ ಮೈ ಪೂರ್ತಿ ಕಾಗೆಬಂಗಾರ. ಅಡಿಗೆಮನೆಯ ಟ್ಯೂಬ್‌ಲೈಟಿಗೆ ಅದು ಫಳಫಳ ಹೊಳೆಯಿತು.

ಪೂರಿಯವನ ಬಾಣಲೆಯಲ್ಲಿ ಪೂರಿ ಕರಟಿ ವಾಸನೆ ಎದ್ದಿತ್ತು.

"ಪಲ್ಲಾವರದ ಕಲ್ಲು ತಕೊಂಡು ಬಾ, ಅದಕ್ಕೂ ಹೀಂಗೇ ಹೊಡೀತೆ," ಎಂದಳು ಚಂದ್ರಮತಿ, ಏದುಸಿರು ಬಿಡುತ್ತ. "ಸೀಳಿದ್ರೆ ನನ್ನ ಕೆಲಸ ಬಿಡ್ತೆ."

ಸುಕೇಶ ಮೊಬೈಲು ಜೇಬಿಗೆ ಹಾಕಿಕೊಂಡ. ಮುಖ ಸಣ್ಣದಾಗಿತ್ತು. ವಿಷ್ಣುಮೂರ್ತಿ ಬಗ್ಗಿ ಸೀಳಿದ ಕಲ್ಲನ್ನು ಮುಟ್ಟಿ, ಬೆರಳಿಗೆ ಹತ್ತಿದ ಹೊಳಪನ್ನು ಪಂಚೆಗೆ ಒರೆಸಿಕೊಂಡ. ಅವನು ದಡ್ಡನಲ್ಲ. ಅಡಿಗೆಯವರ ಮಧ್ಯೆಯೇ ಬೆಳೆದವನು, ಅರೆಬೆಂದದ್ದು ಯಾವುದು ಎಂದು ಒಮ್ಮೆ ಕಂಡರೆ ಅವನಿಗೆ ತಿಳಿಯುತ್ತಿತ್ತು. ತಂಗಿಯ ತೋಳು ಹಿಡಿದು ಅಕ್ಕಿ ಮೂಟೆಗಳ ಹಿಂದಕ್ಕೆ ಕರೆದುಕೊಂಡು ಹೋದ.

"ಆಯ್ತು ಮಾರಾಯ್ತಿ, ನೀನು ಹೇಳಿದ್ದು ಸಮ. ಮಧ್ಯಾಹ್ನವೇ ಹಳೇ ಕಲ್ಲು ಒಳಗೆ ತರ್ಸ್ತೆ. ಆದ್ರೆ ಇದು ಇಲ್ಲಿಗೇ ಇರ್ಲಿ. ಹೊರಗೆ ಹೋದ್ರೆ ಹುಡುಗನ ಹೆಸರು ಹಾಳು. ಅವನಿಗೆ ಹೆಣ್ಣು ನೋಡ್ತಾ ಇದ್ದೆವು, ಅವ್ರೂ ಹೋಟೆಲಿನವ್ರೇ, ಅದೇ ಗ್ರೂಪಿನಲ್ಲಿದ್ರು."

"ಭಟ್ರ ಹೆಸರು?"

"ಅವ್ರಿಗೆ ಪ್ರಾಯ ಆಯ್ತ್. ಇವತ್ತಲ್ಲದಿದ್ರೆ ನಾಳೆ ಊರಿಗೆ ಹೋಪವ್ರೇ. ನಾನೇ ಹೋಗಿ ಸಮಾಧಾನ ಹೇಳ್ತೆ, ಒಳಗೆ ಬನಿ, ಮೊದಲಿನ ಹಾಂಗೆ ಇರಿ ಅಂತ. ಅವ್ರು ಏನೂ ಅಂದ್ಕೊಳ್ಳುವವ್ರಲ್ಲ."

ಇದಿತ್ತಲ್ಲ, ಈ ಕೊನೆಯ ಮಾತು, ಚಂದ್ರಮತಿಗೆ ಕಲ್ಲಿಗಿಂತ ಹೆಚ್ಚು ಇದು ಉರಿಯಿತು. ಏನೂ ಅಂದುಕೊಳ್ಳುವವರಲ್ಲ ಎಂದು ಗೊತ್ತಿರುವುದರಿಂದಲೇ ಅಲ್ಲವೇ ಅವರನ್ನು ಅಲ್ಲಿ ಕೂರಿಸಿದ್ದು. ಅವಳು ತೋಳು ಬಿಡಿಸಿಕೊಂಡು ಹಾಲಿಗೆ ನಡೆದಳು. ವಿಷ್ಣುಮೂರ್ತಿ ಅವಳಿಗಿಂತ ಮುಂದೆ ಹೋಗಬೇಕೆಂದು ಓಡಿಯೇ ಬಂದ. ಭಾನುವಾರವಾದ್ದರಿಂದ ಮೇಜುಗಳೆಲ್ಲ ತುಂಬಿದ್ದವು, ಮಕ್ಕಳು ಮರಿ ಸಮೇತ ಬಂದ ಸಂಸಾರಗಳು ನಿಂತು ಕಾಯುತ್ತಿದ್ದವು.

ವಿಷ್ಣುಮೂರ್ತಿ ಸ್ಟೂಲಿನ ಹತ್ತಿರ ಬಗ್ಗಿ, ಭಟ್ಟರ ಕಿವಿಯ ಬಳಿ ಬಾಯಿ ತಂದು ಮೆಲ್ಲಗೆ ಹೇಳಿದ.

"ಭಟ್ರೆ, ಅದು ಬೇಳೆಯ ಕಲ್ಲಲ್ಲ ಅಂಬ್ರು. ಗ್ರೈಂಡರಿಂದ ಸ್ವಲ್ಪ ಬಂದದ್ದಂತೆ. ಇರ್ಲಿ, ಆದದ್ದು ಆಯ್ತು. ನೀವು ಎದ್ದು ಒಳಗೆ ಬನಿ."

ಭಟ್ಟರಿಗೆ ಮೊದಲು ಅರ್ಥವಾಗಲಿಲ್ಲ. ಚಂದ್ರಮತಿಯ ಮುಖ ನೋಡಿದರು.

"ಹೌದು ವೆಂಕಟೇಶಣ್ಣ," ಎಂದಳು ಅವಳು. "ನಿಮ್ಮ ಕಣ್ಣಿಗೆ ಎಂತದೂ ಆಗಲಿಲ್ಲೆ. ಇವ್ರು ತಂದ ಕಲ್ಲೇ ಉದುರ್ತಾ ಇತ್ತು. ಬೇಳೆಯಲ್ಲಿ ಕಲ್ಲು ಕಾಣ್ಲಿಲ್ಲೆ, ಯಾಕಂದ್ರೆ ಬೇಳೆಯಲ್ಲಿ ಕಲ್ಲು ಇರ್ಲೇ ಇಲ್ಲೆ."

ಭಟ್ಟರು ಮೊರದ ಬೇಳೆಯ ಮೇಲೆ ಒಮ್ಮೆ ಬೆರಳಾಡಿಸಿದರು. ಅವರು ಅಳಬಹುದು ಎಂದು ಚಂದ್ರಮತಿಗೆ ಅನ್ನಿಸಿತು. ಅಳಲಿಲ್ಲ. ಮೊರವನ್ನು ಜೋಪಾನವಾಗಿ ನೆಲಕ್ಕಿಟ್ಟು, ಎದ್ದು ನಿಂತರು. ಅಷ್ಟು ವರ್ಷಗಳಲ್ಲಿ ಆ ಮನುಷ್ಯ ಯಜಮಾನರೆದುರು ಸ್ವರ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಈಗಲೂ ಏರಿಸಲಿಲ್ಲ, ಆದರೆ ಪ್ರತಿ ಶಬ್ದವೂ ಹಾಲಿನ ಆ ತುದಿಗೆ ಕೇಳಿಸಿತು.

"ಕಣ್ಣು ಹೋಯ್ತು ಅಂತ ಹೇಳುವಾಗ ಎಲ್ಲರೆದ್ರು ಹೇಳಿದ್ರಿ. ಈಗ ಕಿವಿಯಲ್ಲಿ ಹೇಳ್ತ್ರಿ."

"ಹಾಂಗಲ್ಲ ಭಟ್ರೆ..." ವಿಷ್ಣುಮೂರ್ತಿ ಸುತ್ತ ನೋಡಿದ. ಇಡ್ಲಿ ಮುರಿಯುತ್ತಿದ್ದ ಕೈಗಳು ನಿಂತಿದ್ದವು. "ಯಾರಲ್ಲಿ, ಭಟ್ರಿಗೆ ಒಂದು ಕಾಫಿ ತಕೊಂಡು ಬಾ."

"ಕಾಫಿ ಬೇಡ. ನಿಮ್ಮ ಕೆಲಸವೂ ಬೇಡ. ಒಂದು ತಿಂಗಳು ನಾ ಕುರುಡ ಅಂತ ನಾನೇ ನಂಬಿಕೊಂಡು ಕೂತಿದ್ದೆ. ಹೆಂಡತಿಗೆ ಫೋನ್ ಮಾಡಿ, ಇನ್ನು ನೀನೇ ನನ್ನ ಕೈ ಹಿಡ್ಕೊಂಡು ನಡೆಸ್ಕ್ ಅಂತ ಹೇಳಿದ್ದೆ. ಅವಳು ಅಲ್ಲಿ ಊಟ ಬಿಟ್ಟು ಕೂತಿದ್ಲು. ಆ ಗ್ರೂಪಿನಲ್ಲಿ ಎಂತ ಹೇಳಿದ್ರೋ ಅದನ್ನ ವಾಪಾಸು ತಕೊಳ್ಳಿ. ಅಷ್ಟೇ ಸಾಕು."

ಭಟ್ಟರು ಗೋಡೆಗೆ ಅಂಟಿಸಿದ ಕಾಗದವನ್ನು ಕಿತ್ತರು. ನಾಲ್ಕಾಗಿ ಮಡಚಿ ವಿಷ್ಣುಮೂರ್ತಿಯ ಅಂಗಿಯ ಜೇಬಿಗೆ ಹಾಕಿದರು. ಕಂಬಕ್ಕೆ ನೇತುಹಾಕಿದ್ದ ತಮ್ಮ ಬಟ್ಟೆಯ ಚೀಲ ತೆಗೆದುಕೊಂಡು, ಚಂದ್ರಮತಿಗೆ "ಬತ್ತೆ ಅಮ್ಮ" ಎಂದಷ್ಟೇ ಹೇಳಿ, ಮಾಧವರಂ ಬಸ್ಸು ಬರುವ ಕಡೆಗೆ ನಡೆದುಹೋದರು. ಅಲ್ಲಿ ಅವರ ಬಾಡಿಗೆ ಕೋಣೆಯಿತ್ತು.

ಹಾಲಿನಲ್ಲಿ ಗುಸುಗುಸು ಎದ್ದಿತು. ಏನಾಯಿತು ಎಂದು ಒಬ್ಬರು ತಮಿಳಿನಲ್ಲಿ ಕೇಳಿದರು. ಚಂದ್ರಮತಿ ಅಡಗಿಸಲಿಲ್ಲ. ಇಡ್ಲಿಯಲ್ಲಿ ಬಂದ ಕಲ್ಲು ನಮ್ಮ ಗ್ರೈಂಡರಿನದು, ತಪ್ಪು ನಮ್ಮದು, ಆ ದೊಡ್ಡವರದಲ್ಲ, ಇವತ್ತು ಇಡ್ಲಿ ದೋಸೆ ತಿನ್ನಬೇಡಿ ಎಂದು ತಮಿಳಿನಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿದಳು. ತಟ್ಟೆಗಳು ಸರಿದವು, ಕುರ್ಚಿಗಳು ಸದ್ದು ಮಾಡಿದವು. ವಿಷ್ಣುಮೂರ್ತಿ ತಲೆಗೆ ಕೈಯಿಟ್ಟುಕೊಂಡ.

"ಈಗ ನಿಂಗೆ ಸಮಾಧಾನ ಆಯ್ತಾ?" ಎಂದ. "ಮನೆ ಮಾನ ಬೀದಿಗೆ ಹಾಕಿದೆ."

ಸಮಾಧಾನವಾಗಿರಲಿಲ್ಲ. ಚಂದ್ರಮತಿಗೆ ತಾನು ಹೇಳಿದ್ದು ಸಾಕಾಗಲಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು. ಪೆರಂಬೂರಿನ ನಲವತ್ತು ಮಂದಿಗೆ ಅವಳು ಹೇಳಿದ್ದರಿಂದ ಎಣ್ಣೂರಿನ ಕ್ಯಾಂಟೀನಿನವರು ಭಟ್ಟರನ್ನು ಕರೆಯುವುದಿಲ್ಲ. ಅವಳು ಗಲ್ಲಾದ ಹಿಂದೆ ಹೋದಳು. ಅಪ್ಪನ ನಂತರ ಅಣ್ಣನನ್ನು ಬಿಟ್ಟು ಯಾರೂ ಕೂರದ ಆ ಕುರ್ಚಿಯಲ್ಲಿ ಕೆಂಪು ಮಣ್ಣಿನ ಬೂಟು ಹಾಕಿಕೊಂಡೇ ಕುಳಿತಳು. ಸುತ್ತಿಗೆಯನ್ನು ಮೇಜಿನ ಮೇಲಿಟ್ಟಳು.

"ಏಳ್," ಎಂದ ಅಣ್ಣ.

"ಏಳೂದಿಲ್ಲ. ಮೊದಲು ಮೊಬೈಲು ತೆಗಿ. ಆ ಗ್ರೂಪು ಬಿಚ್ಚು. ಭಟ್ರ ಬಗ್ಗೆ ನೀನು ಬರೆದು ಹಾಕಿದ್ಯಾ, ಬಾಯಲ್ಲಿ ಹೇಳಿದ್ಯಾ?"

"ಬಾಯಲ್ಲಿ."

"ಹಾಂಗಾರೆ ಈಗಳೂ ಬಾಯಲ್ಲೇ ಹೇಳ್ಕ್."

"ಸಂಜೆಗೆ ಹೇಳ್ತೆ. ಯೋಚನೆ ಮಾಡಿ..."

"ಬೈಯುವಾಗ ಯೋಚನೆ ಮಾಡಿದ್ಯಾ?"

ಹಣ ಕೊಡಲು ಬಂದವರು ಸಾಲಾಗಿ ನಿಂತು ಅಣ್ಣ ತಂಗಿಯರನ್ನು ನೋಡುತ್ತಿದ್ದರು. ಅಡಿಗೆಮನೆಯ ಬಾಗಿಲಲ್ಲಿ ಸುಕೇಶ, ಅವನ ಹಿಂದೆ ಕೆಲಸದವರೆಲ್ಲ. ಎಲ್ಲರ ಕಣ್ಣೂ ತನ್ನ ಮೇಲೆಯೇ ಇದೆ ಎಂದು ವಿಷ್ಣುಮೂರ್ತಿಗೆ ತಿಳಿಯಿತು. ಬಿಳಿಯ ಅಂಗಿಯ ಕಂಕುಳು ಒದ್ದೆಯಾಗಿತ್ತು. ಅವನು ಮೊಬೈಲು ತೆಗೆದು ಗುಂಪನ್ನು ಹುಡುಕಿ, ಮೈಕಿನ ಗುಂಡಿ ಒತ್ತಿ ಹಿಡಿದು, ತುಟಿಯ ಹತ್ತಿರ ತಂದ.

"ನಮಸ್ಕಾರ, ನಾನು ಹಾಲಾಡಿ ಭವನದ ವಿಷ್ಣುಮೂರ್ತಿ. ನಮ್ಮ ವೆಂಕಟೇಶ ಭಟ್ರ ಬಗ್ಗೆ ನಾ ಹೇಳಿದ್ದು ತಪ್ಪು. ಅವ್ರ ಕಣ್ಣು ಸರಿ ಇತ್ತು. ಕಲ್ಲು ನನ್ನ ಮಗ..." ಅಲ್ಲಿಗೆ ಸ್ವರ ಪೂರಾ ಇಳಿದು, ಮುಂದಿನದು ಬರಿಯ ಉಸಿರಾಯಿತು.

ಚಂದ್ರಮತಿ ಕೈ ಚಾಚಿ ಮೊಬೈಲು ತೆಗೆದುಕೊಂಡಳು. ಅದನ್ನು ಕಿವಿಗಿಟ್ಟು ಅವನು ಹೇಳಿದ್ದನ್ನು ಪೂರ್ತಿ ಕೇಳಿದಳು. ಅಳಿಸಿದಳು. ಮತ್ತೆ ಅಣ್ಣನ ಕೈಗೆ ಕೊಟ್ಟಳು.

"ಕೊನೆಯದು ಕೇಳ್ಲಿಲ್ಲೆ," ಎಂದಳು. "ಇನ್ನೊಂದು ಸಲ ಹೇಳ್. ಗಟ್ಟಿಯಾಗಿ."